ಅಂಗಳವಿಲ್ಲದ ಮನೆಗೆ ಸುಗ್ಗಿ

ನನಗೆ ತಾಳ ಗೊತ್ತಿಲ್ಲ ಎಂಬುದು ನಮ್ಮ ಕೇರಿಯ ನಾಯಿಬೆಕ್ಕುಗಳಿಗೂ ತಿಳಿದಿದ್ದ ಸಂಗತಿ. ತಿಳಿಯದೆ ಇದ್ದವರು ಭಟ್ಕಳದ ನನ್ನ ಕಚೇರಿಯವರು ಮಾತ್ರ. ಈ ಒಂದು ಅನುಕೂಲವನ್ನು ನಂಬಿಕೊಂಡು ನಾನು ಅಲ್ಲಿ ಬಹಳ ದಿನ ದೊಡ್ಡ ಗುಮಟೆ ವಾದಕನಾಗಿ ಬದುಕಿದೆ. ವಾದ್ಯ ಮುಟ್ಟದೆ ವಾದಕನಾಗಿರುವುದು ಅಂಥ ಕಷ್ಟದ ಕೆಲಸವೇನಲ್ಲ. ಚಹಾದ ಹೊತ್ತಿಗೆ ಮಾತಾಡಿದರೆ ಸಾಕು.

ನಮ್ಮೂರು ಕುಮಟೆಯಿಂದ ಧಾರೇಶ್ವರಕ್ಕೆ ಹೋಗುವಾಗ ಹೆದ್ದಾರಿ ಬಿಟ್ಟು ಸಮುದ್ರದ ಕಡೆ ಇಳಿದರೆ ಸಿಗುತ್ತದೆ. ನಾವು ಒಕ್ಕಲು ಜನ. ಗದ್ದೆ ಇದ್ದವರು ತಮ್ಮ ಗದ್ದೆ ಮಾಡುತ್ತಿದ್ದರು, ಇಲ್ಲದವರು ಇದ್ದವರ ಗದ್ದೆ ಮಾಡುತ್ತಿದ್ದರು, ಹೋಳಿ ಹುಣ್ಣಿಮೆ ಹತ್ತಿರ ಬಂದಾಗ ಇಬ್ಬರೂ ಸೇರಿ ಸುಗ್ಗಿ ಕುಣಿಯುತ್ತಿದ್ದರು. ಸುಗ್ಗಿ ಅಂದರೆ ನಮಗೆ ಬೆಳೆ ಕೊಯ್ಯುವ ಕಾಲವಷ್ಟೇ ಅಲ್ಲ, ಕೊಯ್ದು ಮುಗಿದ ಮೇಲಿನ ಕುಣಿತವೂ ಹೌದು. ಗಂಡಸರು ತಲೆಗೆ ಬೆಂಡಿನ ಹೂಗಳ ತುರಾಯಿ ಕಟ್ಟಿಕೊಂಡು, ಕೈಯಲ್ಲಿ ಕೋಲು, ನವಿಲುಗರಿ ಹಿಡಿದು ಮನೆಯಿಂದ ಮನೆಗೆ ಹೋಗುತ್ತಾರೆ, ಅಂಗಳದಲ್ಲಿ ಸುತ್ತು ಕಟ್ಟಿ ಕುಣಿಯುತ್ತಾರೆ. ಹಾಡಿಗೆ ಗುಮಟೆಯ ಬಡಿತ. ಗುಮಟೆ ಮಣ್ಣಿನ ಗಡಿಗೆ, ಅದಕ್ಕೆ ಎರಡು ಬಾಯಿ. ಒಂದು ಬಾಯಿಗೆ ಚರ್ಮ ಬಿಗಿದಿರುತ್ತದೆ, ಅದರ ಮೇಲೆ ಬಲಗೈ ಬಡಿಯಬೇಕು. ಇನ್ನೊಂದು ಬಾಯಿಯನ್ನು ಎಡಗೈ ತೆರೆಯುತ್ತ ಮುಚ್ಚುತ್ತ ಇರಬೇಕು. ಹೀಗೆ ಎರಡು ಕೈಗೆ ಎರಡು ಕೆಲಸ. ನನ್ನ ಎರಡು ಕೈಗಳು ಹುಟ್ಟಿದಾಗಿನಿಂದ ಬಹಳ ಒಗ್ಗಟ್ಟಿನವು, ಎರಡೂ ಕೂಡಿ ಒಂದೇ ಕೆಲಸ ಮಾಡುತ್ತಿದ್ದವು.

ಅಪ್ಪ ನಮ್ಮೂರ ಸುಗ್ಗಿ ಮೇಳದ ಮುಖ್ಯಸ್ಥ. ಹಾಡು ಎತ್ತುವವನೂ ಅವನೇ, ದೊಡ್ಡ ಗುಮಟೆ ಹಿಡಿಯುವವನೂ ಅವನೇ. ನಾನು ಚಿಕ್ಕವನಿದ್ದಾಗ ಮಳೆಗಾಲದ ಮಧ್ಯಾಹ್ನಗಳಲ್ಲಿ ನನ್ನನ್ನು ಎದುರು ಕೂರಿಸಿಕೊಂಡು ಕಲಿಸಲು ನೋಡಿದ. ನನ್ನ ವಾರಿಗೆಯ ಹುಡುಗರು ಒಂದೇ ಮಳೆಗಾಲದಲ್ಲಿ ಕಲಿತರು. ಮರು ವರ್ಷದ ಮಳೆಗಾಲವೂ ಮುಗಿಯಲು ಬಂದಾಗ ಅಪ್ಪ ಅವ್ವಿಯನ್ನು ಕರೆದು, ಈ ಮಗ ಗುಮಟೆ ಬಾರಿಸುತ್ತಿಲ್ಲ, ಗುಮಟೆಗೆ ಹೊಡೆಯುತ್ತಿದ್ದಾನೆ, ಇವನನ್ನು ಶಾಲೆಗೆ ಸರಿಯಾಗಿ ಕಳಿಸು, ಸರಕಾರಿ ನೌಕರಿಗಾದರೂ ಆದಾನು ಎಂದ. ನನ್ನ ವಿದ್ಯಾಭ್ಯಾಸಕ್ಕೆ ಅಡಿಪಾಯ ಬಿದ್ದದ್ದು ಹಾಗೆ.

ನಮ್ಮ ಸುಗ್ಗಿಗೆ ಒಂದು ಕಟ್ಟು ಇದೆ. ಮೇಳ ಅಂಗಳಕ್ಕೆ ಬಂದು ಒಂದು ಸುತ್ತು ಕುಣಿದು ನಿಲ್ಲುತ್ತದೆ. ಈ ಮನೆಯವರು ಯಾರು ಎಂದು ಮುಖ್ಯಸ್ಥ ಕೇಳುತ್ತಾನೆ. ಮನೆಯ ಯಜಮಾನ ಮುಂದೆ ಬಂದು ನಾನು ಎನ್ನಬೇಕು. ಯಾರ ಮಗ ಎಂದು ಮತ್ತೆ ಕೇಳುತ್ತಾನೆ. ಯಜಮಾನ ತನ್ನ ಅಪ್ಪನ ಹೆಸರು ಹೇಳಬೇಕು. ಕೇಳುವವನಿಗೆ ಎಲ್ಲ ಗೊತ್ತೇ ಇರುತ್ತದೆ. ಬೆಳಿಗ್ಗೆ ಇಬ್ಬರೂ ಒಂದೇ ಕೆರೆಯಲ್ಲಿ ಎಮ್ಮೆ ತೊಳೆದು ಬಂದವರೇ ಆಗಿರುತ್ತಾರೆ. ಆದರೂ ಅವನು ಕೇಳಬೇಕು, ಇವನು ಹೇಳಬೇಕು. ಮನೆಯ ಹೆಂಗಸು ಹರಿವಾಣದಲ್ಲಿ ದೀಪ, ಅಕ್ಕಿ, ತೆಂಗಿನಕಾಯಿ ತಂದು ಇಟ್ಟ ಮೇಲೆ ಮುಖ್ಯಸ್ಥ ಆ ಅಪ್ಪನ ಹೆಸರನ್ನು ಹಾಡಿಗೆ ಸೇರಿಸಿ, ಇಂಥವನ ಮಗನ ಮನೆ ತಂಪಾಗಿರಲಿ ಎಂದು ಹರಸುತ್ತಾನೆ. ಉತ್ತರ ಬರದೆ ಮೇಳ ಮುಂದೆ ಕುಣಿಯುವಂತಿಲ್ಲ. ಹಾಗೆಂದು ಅಂಗಳ ಬಿಟ್ಟು ಹೊರಡುವಂತೆಯೂ ಇಲ್ಲ, ಹೊರಟರೆ ಆ ಮನೆಗೆ ಕೇಡು. ನಿಂತೇ ಇರಬೇಕು. ತುರಾಯಿ ಕಟ್ಟಿದವನು ಯಜಮಾನನಾಗಿ ಉತ್ತರ ಹೇಳುವಂತಿಲ್ಲ. ಅಪ್ಪ ಮೇಳದಲ್ಲಿ ಇರುತ್ತಿದ್ದುದರಿಂದ ನಮ್ಮ ಮನೆಯಲ್ಲಿ ಯಾವಾಗಲೂ ದೊಡ್ಡಪ್ಪ ನಿಂತು ಅಜ್ಜನ ಹೆಸರು ಹೇಳುತ್ತಿದ್ದ.

ಇನ್ನೂ ಒಂದುಂಟು. ಮನೆಯಲ್ಲಿ ಹೊಸ ಕೂಸು ಇದ್ದರೆ ಅದನ್ನು ಸುತ್ತಿನ ನಡುವೆ ಕೂರಿಸಿ, ಅದರ ಸುತ್ತ ಒಮ್ಮೆ ಕುಣಿಯುತ್ತಾರೆ. ಅಲ್ಲಿಂದ ಆ ಕೂಸು ನಮ್ಮ ಜನ. ಅಲ್ಲಿಯ ತನಕ ಅದು ಬರಿಯ ಕೂಸು.

ನಾನು ಓದಿ, ಅಪ್ಪನ ಭವಿಷ್ಯವಾಣಿಯಂತೆ ಸರಕಾರಿ ಗುಮಾಸ್ತನಾಗಿ ಭಟ್ಕಳದಲ್ಲಿ ಕುಳಿತೆ. ಮೊದಮೊದಲು ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಹೊನ್ನಾವರದ ಸೇತುವೆ ಬರುವ ತನಕ ಒಂದು ನಿದ್ದೆ, ದಾಟಿದ ಮೇಲೆ ಇನ್ನೊಂದು ನಿದ್ದೆ, ಕಚೇರಿಗೆ ತಲುಪಿದ ಮೇಲೆ ಮೂರನೆಯದು. ಮದುವೆಯಾಗಿ ಹೆಂಡತಿ ಬಸುರಿಯಾದಾಗ, ಇದು ನಡೆಯುವುದಿಲ್ಲವೆಂದು ಭಟ್ಕಳದಲ್ಲೇ ಬಾಡಿಗೆ ಮನೆ ಹಿಡಿದೆ. ಗಂಡುಮಕ್ಕಳೆಲ್ಲ ದುಬೈಯಲ್ಲಿದ್ದ ಒಬ್ಬ ನವಾಯತ ಮುಸ್ಲಿಂ ಅಮ್ಮನ ದೊಡ್ಡ ಮನೆ ಅದು. ಅದರ ಬೆನ್ನಿಗೆ ಹೊಂದಿಕೊಂಡ ಎರಡು ಕೋಣೆ, ಒಂದು ಅಡುಗೆಮನೆ ನಮಗೆ. ಬಾಗಿಲು ತೆಗೆದು ಕೈ ಚಾಚಿದರೆ ಆಚೆಯವರ ಕಂಪೌಂಡು ಗೋಡೆ ಸಿಗುತ್ತಿತ್ತು.

ಹಾಲು ಉಕ್ಕಿಸುವ ದಿನ ಅಪ್ಪ ಅವ್ವಿ ಬಂದರು. ಅವ್ವಿ ಒಳಗೆ ಬಂದಳು. ಅಪ್ಪ ಬಾಗಿಲಲ್ಲಿ ನಿಂತು ಗೋಡೆಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ, ಅಂಗಳ ಎಲ್ಲಿ ಎಂದು ಕೇಳಿದ. ನಾನು ಆಗ ಹೊಸದಾಗಿ ಪೇಟೆಯವನಾಗಿದ್ದೆ. ಇಲ್ಲಿ ಯಾರು ಅಂಗಳ ಇಟ್ಟುಕೊಂಡು ಕೂರುತ್ತಾರೆ, ಅದೆಲ್ಲ ಹಳ್ಳಿಯಲ್ಲಿ ಎಂದು ದೊಡ್ಡ ಮನುಷ್ಯನಂತೆ ನಕ್ಕೆ.

"ಅಂಗಳ ಇಲ್ದಿದ್ರೆ ಸುಗ್ಗಿ ಎಲ್ಲಿ ನಿಂತ್ಕಳ್ತದೆ?" ಎಂದ ಅಪ್ಪ. "ಇದು ಮನಿ ಅಲ್ಲ."

ಹಾಲು ಕುಡಿಯದೆ, ಹೊಸಿಲು ದಾಟದೆ ಬಸ್‌ಸ್ಟ್ಯಾಂಡಿಗೆ ನಡೆದ. ಅಲ್ಲಿಂದ ಅವನು ನನ್ನೊಡನೆ ನೇರವಾಗಿ ಮಾತಾಡುವುದನ್ನು ಬಿಟ್ಟ. ಊರಿಗೆ ಹೋದರೆ ಅವ್ವಿಯ ಮೂಲಕ ಮಾತಾಡುತ್ತಿದ್ದ. ನಾನು ಅವನೆದುರೇ ಉಣ್ಣಲು ಕೂತಿದ್ದರೂ, ಅಂವಂಗೆ ಮೀನು ಸಾರು ಬೇಕನಾ ಕೇಳು ಎನ್ನುತ್ತಿದ್ದ. ಅವ್ವಿ ನನ್ನ ಕಡೆ ತಿರುಗಿ ಕೇಳುತ್ತಿದ್ದಳು, ನಾನು ಬೇಕು ಎನ್ನುತ್ತಿದ್ದೆ, ಅವ್ವಿ ಅಪ್ಪನ ಕಡೆ ತಿರುಗಿ ಬೇಕಂತೆ ಎನ್ನುತ್ತಿದ್ದಳು. ಅಷ್ಟರಲ್ಲಿ ಸಾರು ಆರಿರುತ್ತಿತ್ತು. ಹೊರಗೆ ನಾನು ಇದನ್ನು ತಮಾಷೆಯಾಗಿ ಹೇಳಿಕೊಂಡು ತಿರುಗುತ್ತಿದ್ದೆ. ಒಳಗೆ ಅಪ್ಪನ ಬಾಯಿಂದ ಒಂದು ಬೈಗುಳವಾದರೂ ನೇರವಾಗಿ ಬೀಳಲಿ ಎಂದು ಆಸೆಪಡುತ್ತಿದ್ದೆ.

ಮಗಳು ಹುಟ್ಟಿದಳು. ಅವಳು ಹುಟ್ಟಿದ ಮೇಲೆ ಸುಗ್ಗಿ ಬಂತು, ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ಹೆಂಡತಿಯೂ ನಮ್ಮ ಜನದವಳೇ, ಹೊನ್ನಾವರದ ಹತ್ತಿರದ ಊರಿನವಳು. ಮಗಳನ್ನು ಸುತ್ತಿನಲ್ಲಿ ಕೂರಿಸಲಿಲ್ಲ ಎಂಬುದು ಅವಳಿಗೆ ದೊಡ್ಡ ಕೊರಗು. ಊರ ಮನೆಯ ಅಂಗಳದಲ್ಲೇ ಕೂರಿಸಬಹುದಲ್ಲ ಎಂದು ಅವ್ವಿಯ ಮೂಲಕ ಕೇಳಿಸಿದಳು. ಅಪ್ಪನ ತೀರ್ಪು ಅವ್ವಿಯ ಮೂಲಕವೇ ವಾಪಸು ಬಂತು. ಬೇರೆ ಒಲೆ ಹೂಡಿದ ಮೇಲೆ ಕೂಸು ಆ ಒಲೆಯ ಕೂಸು, ಆ ಮನೆಯ ಅಂಗಳದಲ್ಲೇ ಕೂರಬೇಕು ಎಂದು. ಆ ಮನೆಗೆ ಅಂಗಳವಿಲ್ಲ, ಅಂಗಳವಿಲ್ಲದ್ದಕ್ಕೆ ಅದು ಮನೆಯೇ ಅಲ್ಲ. ಸರಕಾರದಲ್ಲಿ ಇಷ್ಟು ವರ್ಷ ಕೆಲಸ ಮಾಡಿಯೂ ಇಂಥ ಭದ್ರವಾದ ಆದೇಶವನ್ನು ನಾನು ನೋಡಿರಲಿಲ್ಲ.

ಕಚೇರಿಯಲ್ಲಿ ಮಾತ್ರ ನನ್ನ ಗುಮಟೆ ದಿನದಿಂದ ದಿನಕ್ಕೆ ಬೆಳೆಯುತ್ತಿತ್ತು. ನಮ್ಮ ಸಾಹೇಬರು ಧಾರವಾಡ ಕಡೆಯವರು, ಕರಾವಳಿಯ ಬಗ್ಗೆ ಏನು ಹೇಳಿದರೂ ನಂಬುತ್ತಿದ್ದರು. ಗುಮಟೆಯೆಂದರೆ ನಮ್ಮ ರಕ್ತದಲ್ಲಿ ಇರುವುದು ಸರ್, ಕಲಿಯುವ ಪ್ರಶ್ನೆಯೇ ಇಲ್ಲ ಎಂದಿದ್ದೆ. ಎರಡನೆಯ ಅರ್ಧ ನನ್ನ ಮಟ್ಟಿಗೆ ನಿಜವೂ ಆಗಿತ್ತು. ಅಪ್ಪ ಬಾರಿಸಿದರೆ ಕೊಟ್ಟಿಗೆಯ ದನ ಮೇವು ಬಿಟ್ಟು ತಲೆ ಎತ್ತುತ್ತವೆ ಎಂದು ಒಮ್ಮೆ ಹೇಳಿದ್ದೆ. ಇನ್ನೊಮ್ಮೆ ಹೇಳುವಾಗ ಅಪ್ಪನ ಜಾಗದಲ್ಲಿ ನಾನೇ ಬಂದು ಕೂತುಬಿಟ್ಟೆ.

ಮಾಡಿದ್ದುಣ್ಣೋ ಮಹರಾಯ. ಕೊಂಕಣ ರೈಲು ಓಡಲು ಶುರುವಾಗಿ ಎರಡೋ ಮೂರೋ ವರ್ಷವಾಗಿದ್ದಾಗ, ಭಟ್ಕಳದ ಶಾಲೆಯೊಂದರ ಮೈದಾನದಲ್ಲಿ ಜನಪದ ಕಲೆಗಳ ಕಾರ್ಯಕ್ರಮ ಮಾಡುವುದೆಂದು ತೀರ್ಮಾನವಾಯಿತು. ಅದರ ಉಸ್ತುವಾರಿ ಸಾಹೇಬರಿಗೆ ಬಂತು. ಅವರು ನನ್ನನ್ನು ಕರೆದು, ನಿಮ್ಮ ಮೇಳ ಕರಸ್ರಿ, ನೀವೂ ಬಾರಸ್ರಿ, ನಾವೆಲ್ಲಾ ನೋಡಾಕ ಕೂಡತೇವಿ ಎಂದರು. ಆ ದಿನ ಚಹಾದ ಹೊತ್ತಿಗೆ ನಾನು ಹೊರಗೆ ಹೋಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಕನ್ನಡ ಶಾಲೆಯಲ್ಲಿ ಎಷ್ಟು ಸಲ ಬರೆದಿದ್ದೆನೋ, ಒಂದು ಸಲವೂ ಉಪಯೋಗಕ್ಕೆ ಬರಲಿಲ್ಲ.

ಊರಿಗೆ ಹೋದೆ. ಅಪ್ಪ ಜಗಲಿಯಲ್ಲಿ ಕೂತು ತುರಾಯಿಗೆ ಬೆಂಡಿನ ಹೂ ಕಟ್ಟುತ್ತಿದ್ದ. ನಾನು ಅವ್ವಿಗೆ ವಿಷಯ ಹೇಳಿದೆ, ಅಪ್ಪನಿಗೆ ಕೇಳುವ ಹಾಗೆ. ಬೇಡ ಎನ್ನುತ್ತಾನೆ, ನಾನು ಬಚಾವಾಗುತ್ತೇನೆ ಎಂಬ ಆಸೆ ಒಳಗೊಳಗೆ ಇತ್ತು. ಅಪ್ಪ ಹೂವಿನಿಂದ ಕಣ್ಣು ತೆಗೆಯದೆ, ಅದು ಯಾರ ಮನೆ, ಮನೆಯವರು ಇರುತ್ತಾರೋ ಎಂದು ಅವ್ವಿಯ ಹತ್ತಿರ ಕೇಳಿಸಿದ. ಸಾವಿರ ಜನ ಇರುತ್ತಾರೆ, ನಮ್ಮ ಸಾಹೇಬರೇ ಮುಂದಿನ ಸಾಲಿನಲ್ಲಿ ಕೂರುತ್ತಾರೆ ಎಂದೆ. ಹಾಗಾದರೆ ಆತು ಎಂದು ಹೇಳು, ಆದರೆ ವೇದಿಕೆಯ ಹಲಗೆಯ ಮೇಲೆ ಸುಗ್ಗಿ ಕುಣಿಯುವುದಿಲ್ಲ, ನೆಲ ಬೇಕು ಎಂದ. ನಾನೂ ಒಂದು ಗುಮಟೆ ಹಿಡಿದು ಕೊನೆಯಲ್ಲಿ ನಿಲ್ಲುತ್ತೇನೆ ಎಂದು ಅವ್ವಿಯ ಕಿವಿಯಲ್ಲಿ ಹೇಳಿದೆ. ಅಪ್ಪನಿಗೆ ಅದು ಕೇಳಿಸಿತೆಂದು ಕಾಣುತ್ತದೆ. ಕಟ್ಟುತ್ತಿದ್ದ ಹೂ ಕೈಯಿಂದ ಜಾರಿ ಬಿತ್ತು. ಆದರೂ ಬೇಡ ಎನ್ನಲಿಲ್ಲ. ಬೇಡ ಎನ್ನಬೇಕಾದರೆ ನನ್ನ ಹೆಸರು ಎತ್ತಬೇಕಾಗುತ್ತಿತ್ತು.

ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಮಾವ ಮನೆಯವರು ಇರುತ್ತಾರೋ ಎಂದು ಕೇಳಿದರಾ ಎಂದು ಅವಳು ಎರಡು ಸಲ ವಿಚಾರಿಸಿದಳು. ಹೌದು, ಅದಕ್ಕೇನು ಎಂದೆ. ಏನೂ ಇಲ್ಲ ಎಂದು ಒಳಗೆ ಹೋದಳು.

ಅಲ್ಲಿಂದ ನನ್ನ ಅಭ್ಯಾಸ ಶುರುವಾಯಿತು. ಗುಮಟೆ ಇರಲಿಲ್ಲ, ಪ್ಲಾಸ್ಟಿಕ್ ಕೊಡಪಾನ ಇತ್ತು. ಸಂಜೆ ಕಚೇರಿಯಿಂದ ಬಂದವನೇ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಡಿಯುತ್ತಿದ್ದೆ. ಮಗಳು ಎದುರು ಕೂತು ಸ್ವಲ್ಪ ಹೊತ್ತು ನೋಡಿ, ಕೊಡಪಾನವನ್ನು ನನ್ನ ಕೈಯಿಂದ ಬಿಡಿಸಿಕೊಂಡು ಹೋಗಿ ಅಡುಗೆಮನೆಯಲ್ಲಿ ಬಚ್ಚಿಡುತ್ತಿದ್ದಳು. ಮನೆಯೊಡತಿ ಅಮ್ಮ ಒಂದು ದಿನ ಹಿಂದಿನ ಬಾಗಿಲಿಗೆ ಬಂದು, ನಿಮ್ಮಲ್ಲಿ ಯಾರಾದರೂ ಪಾತ್ರೆ ರಿಪೇರಿಯವರು ಬಂದಿದ್ದಾರಾ, ನಮ್ಮದೂ ಒಂದು ಪಾತ್ರೆ ಸೋರುತ್ತಿದೆ ಎಂದು ಕೇಳಿದರು. ನನ್ನ ಸಂಗೀತಕ್ಕೆ ಸಿಕ್ಕ ಮೊದಲ ಆಹ್ವಾನ ಅದು.

ಕಾರ್ಯಕ್ರಮದ ದಿನ ಸಂಜೆ ಬಿಸಿಲು ಇನ್ನೂ ಇರುವಾಗಲೇ ಮೇಳದ ಟೆಂಪೋ ಬಂತು. ತುರಾಯಿ ಒಮ್ಮೆ ಪೂಜೆಯಾದ ಮೇಲೆ ನೆಲಕ್ಕೆ ತಾಗುವಂತಿಲ್ಲ, ಅದಕ್ಕಾಗಿ ಕುಮಟೆಯಿಂದ ಭಟ್ಕಳದ ತನಕ ಎಲ್ಲರೂ ಅದನ್ನು ಮಕ್ಕಳ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬಂದಿದ್ದರು. ನನಗೂ ಒಂದು ತಂದಿದ್ದರು. ಕಟ್ಟಿದವರು ನನ್ನ ತಲೆಯ ಅಳತೆಗೆ ಹೊಂದುವಂಥದ್ದು ಮೇಳದಲ್ಲಿ ಯಾವತ್ತೂ ಇರಲಿಲ್ಲ ಎಂದು ನಗುತ್ತ, ಒಳಗೆ ಒಂದು ಟವೆಲ್ ತುರುಕಿದರು. ಅಪ್ಪ ದೂರದಲ್ಲಿ ಗುಮಟೆಯ ಚರ್ಮಕ್ಕೆ ಬಿಸಿಲು ತೋರಿಸುತ್ತ ಕೂತಿದ್ದ. ನನ್ನ ಕಡೆ ನೋಡಲಿಲ್ಲ.

ನಮಗಿಂತ ಮೊದಲು ಶಾಲೆಯ ಹುಡುಗಿಯರು ಕ್ಯಾಸೆಟ್ಟಿನ ಹಾಡಿಗೆ ಕುಣಿದರು. ನಮಗಾಗಿ ವೇದಿಕೆಯ ಮುಂದಿನ ನಾಲ್ಕು ಸಾಲು ಕುರ್ಚಿ ತೆಗೆದು ಜಾಗ ಮಾಡಿಕೊಟ್ಟರು. ನಿರೂಪಣೆ ಮಾಡುತ್ತಿದ್ದ ಮಾಸ್ತರರು ಮೈಕಿನಲ್ಲಿ ಸುಗ್ಗಿಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಕುಣಿತಕ್ಕೆ ಹತ್ತು ನಿಮಿಷ, ಅದರ ವಿವರಣೆಗೆ ಅದಕ್ಕಿಂತ ಹೆಚ್ಚು. ನಮ್ಮ ಕಚೇರಿಯವರು ಒಂದೇ ಕಡೆ ಗುಂಪಾಗಿ ಕೂತು ನನ್ನತ್ತ ಕೈಬೀಸುತ್ತಿದ್ದರು. ಸಾಹೇಬರು ಕ್ಯಾಮೆರಾ ತಂದಿದ್ದರು. ಹೆಂಡತಿ ಹೆಂಗಸರ ಕಡೆ ಮಗಳನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದಳು, ಇನ್ನೊಂದು ಕೈಯಲ್ಲಿ ಒಂದು ಕೈಚೀಲ.

ಅಪ್ಪ ಹಾಡು ಎತ್ತಿದ. ಸುತ್ತು ತಿರುಗಲು ಶುರುವಾಯಿತು. ನಾನು ಕೊನೆಯ ಗುಮಟೆ. ಬಲಗೈ ಬಡಿಯಿತು, ಎಡಗೈಯೂ ಬಡಿಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನಗೆ ಆ ಮಾತಿಗೂ ಅವಕಾಶವಿರಲಿಲ್ಲ, ಶಾಲೆಯ ಮೈದಾನ ಬಹಳ ಸಮತಟ್ಟಾಗಿತ್ತು. ನನ್ನ ಪಕ್ಕದವನು ಬಾರಿಸುತ್ತಲೇ ಬಾಗಿ, ಕೈ ಆಡಿಸು, ತಾಗಿಸಬೇಡ ಎಂದ. ಹಾಗೆ ಮಾಡಿದ ಮೇಲೆ ಸುಗ್ಗಿ ಸರಿಹೋಯಿತು. ಸಾಹೇಬರು ನನ್ನ ಫೋಟೋ ತೆಗೆದರು.

ಒಂದು ಸುತ್ತು ಮುಗಿಯಿತು. ಗುಮಟೆಗಳು ನಿಂತವು. ಕಟ್ಟಿನ ಪ್ರಕಾರ ಅಪ್ಪ ಒಂದು ಹೆಜ್ಜೆ ಮುಂದೆ ಬಂದು ಕೇಳಿದ.

"ಈ ಮನಿಯವ್ರು ಯಾರು?"

ಜನ ಚಪ್ಪಾಳೆ ತಟ್ಟಿದರು. ಕುಣಿತ ಮುಗಿಯಿತೆಂದು ತಿಳಿದುಕೊಂಡಿದ್ದರು. ಅಪ್ಪ ಚಪ್ಪಾಳೆ ನಿಲ್ಲುವ ತನಕ ಕಾದು, ಮತ್ತೆ ಅದನ್ನೇ ಕೇಳಿದ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಾಸ್ತರರು ಮೈಕಿನಲ್ಲಿ, ಕಲಾವಿದರು ಮುಂದುವರಿಸಬೇಕು ಎಂದರು. ಕಲಾವಿದರು ಮುಂದುವರಿಸಲಿಲ್ಲ. ತುರಾಯಿ ಹೊತ್ತ ಅಷ್ಟೂ ಗಂಡಸರು ಕಂಬಗಳ ಹಾಗೆ ನಿಂತರು. ನಮ್ಮ ಜನಕ್ಕೆ ಹಾಗೆ ನಿಲ್ಲುವುದು ಸಹಜ, ಯಾವುದಾದರೂ ಮನೆಯ ಯಜಮಾನ ಸ್ನಾನಕ್ಕೆ ಹೋಗಿದ್ದರೆ ಬರುವ ತನಕ ನಿಂತು ಗೊತ್ತಿದ್ದವರು ಅವರು. ಆದರೆ ಇಲ್ಲಿ ಯಾರ ಸ್ನಾನ ಮುಗಿಯಬೇಕು? ಸಾಹೇಬರು ಕ್ಯಾಮೆರಾ ಕೆಳಗಿಳಿಸಿ ನನ್ನತ್ತ ನೋಡಿ, ಏನ್ರೀ ಇದು ಎಂಬಂತೆ ಕೈ ತಿರುಗಿಸಿದರು. ಮನೆಯವರು ಇರುತ್ತಾರೋ ಎಂದು ಅಪ್ಪ ಕೇಳಿಸಿದ್ದು ಏಕೆಂದು ನನಗೆ ಆಗ ತಿಳಿಯಿತು. ಸಾವಿರ ಜನ ಇರುತ್ತಾರೆ ಎಂದಿದ್ದೆ. ಸಾವಿರ ಜನ ಇದ್ದರು. ಮನೆಯವರು ಒಬ್ಬರೂ ಇರಲಿಲ್ಲ.

ಅಷ್ಟರಲ್ಲಿ ಹೆಂಡತಿ ಹೆಂಗಸರ ಸಾಲಿನಿಂದ ಹೊರಗೆ ಬಂದು ಸುತ್ತಿನ ಅಂಚಿಗೆ ನಿಂತಳು. ಕೈಚೀಲದಿಂದ ನಮ್ಮ ಮನೆಯ ಸ್ಟೀಲಿನ ಹರಿವಾಣ ತೆಗೆದಳು. ಅಕ್ಕಿ, ದೀಪ, ಬೆಂಕಿಪೆಟ್ಟಿಗೆ, ಮನೆಯೊಡತಿ ಅಮ್ಮನ ಮರದ ತೆಂಗಿನಕಾಯಿ, ಎಲ್ಲ ಚೀಲದಲ್ಲಿತ್ತು. ದೀಪ ಹಚ್ಚಿ ನನ್ನತ್ತ ನೋಡಿದಳು. ತುರಾಯಿ ತೆಗೆಯಿರಿ ಎಂದು ಕಣ್ಣಲ್ಲೇ ಹೇಳಿದಳು.

ತುರಾಯಿ ಕಟ್ಟಿದವನು ಯಜಮಾನನಾಗುವಂತಿಲ್ಲ. ನನ್ನ ಇಡೀ ಕಚೇರಿ ನನ್ನನ್ನು ನೋಡಲೆಂದೇ ಬಂದು ಕೂತಿತ್ತು. ನಾನು ಗುಮಟೆಯನ್ನು ಪಕ್ಕದವನ ಕೈಗೆ ಕೊಟ್ಟೆ. ಅವನು ಅದನ್ನು ತೆಗೆದುಕೊಂಡ ರಭಸ ನೋಡಿದರೆ ಅಷ್ಟು ಹೊತ್ತು ಅದಕ್ಕಾಗಿಯೇ ಕಾದಿದ್ದನೆಂದು ಕಾಣುತ್ತಿತ್ತು. ತುರಾಯಿ ಬಿಚ್ಚಿ ಇನ್ನೊಬ್ಬನಿಗೆ ಕೊಟ್ಟೆ. ಒಳಗೆ ತುರುಕಿದ್ದ ಟವೆಲ್ ತಲೆಯ ಮೇಲೇ ಉಳಿಯಿತು, ಅದನ್ನು ಯಾರೂ ನನಗೆ ಹೇಳಲಿಲ್ಲ. ಹಾಗೇ ಹೋಗಿ ಹೆಂಡತಿಯ ಪಕ್ಕದಲ್ಲಿ, ಅಪ್ಪನ ಎದುರು ನಿಂತೆ.

ಅಪ್ಪ ನನ್ನನ್ನು ನೋಡಿದ. ಬಾಡಿಗೆ ಮನೆಯ ಬಾಗಿಲಲ್ಲಿ ನೋಡಿದ ಮೇಲೆ ಅವನು ನನ್ನನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಈ ಮನಿ ಅಲ್ಲದ ಮನಿಯವನಿಗೆ ಕೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾನೆ ಎನ್ನಿಸಿತು. ಅವನು ತಿರುಗಿ ನಿಂತರೆ ಏನು ಮಾಡುವುದು, ಇಷ್ಟು ಜನರ ಎದುರು, ಮಗಳ ಎದುರು ಎಂದು ಹೆದರಿಕೆಯಾಯಿತು. ಅಪ್ಪ ಮೂರನೆಯ ಸಲ ಕೇಳಿದ, ಈ ಸಲ ಮೆಲ್ಲಗೆ.

"ಈ ಮನಿಯವ್ರು ಯಾರು?"

"ನಾನು" ಎಂದೆ.

"ಯಾರ ಮಗ?"

ನಮ್ಮಲ್ಲಿ ಅಪ್ಪನ ಹೆಸರನ್ನು ಅಪ್ಪನ ಎದುರು ಹೇಳುವ ರೂಢಿಯಿಲ್ಲ. ಶಾಲೆಯ ಹಾಜರಿಗೆ ಹೇಳಿದ್ದೆ, ನೌಕರಿಯ ಅರ್ಜಿಗೆ ಬರೆದಿದ್ದೆ, ಅವನ ಮುಖ ನೋಡಿ ಯಾವತ್ತೂ ಹೇಳಿರಲಿಲ್ಲ. ಹೇಳಿದೆ. ದೊಡ್ಡದಾಗಿಯೇ ಹೇಳಿದೆನೆಂದು ಕಾಣುತ್ತದೆ, ಮಾಸ್ತರರ ಮೈಕಿಗೂ ಸಿಕ್ಕಿ ಆ ಹೆಸರು ಮೈದಾನದ ತುಂಬ ಕೇಳಿಸಿತು.

ಹೆಂಡತಿ ಹರಿವಾಣ ಇಟ್ಟಳು. ಅಪ್ಪ ಹಾಡು ಎತ್ತಿದ. ಈಗ ಅವನು ಆ ಹೆಸರನ್ನು ಹಾಡಿಗೆ ಸೇರಿಸಬೇಕಿತ್ತು. ಊರಿನ ಎಲ್ಲರ ಅಪ್ಪಂದಿರ ಹೆಸರನ್ನೂ ವರ್ಷವರ್ಷವೂ ಹಾಡಿದವನು ಅವನು. ತನ್ನ ಹೆಸರನ್ನು ಹಾಡುವ ಪ್ರಸಂಗ ಅವನಿಗೆ ಬಂದೇ ಇರಲಿಲ್ಲ. ಆ ಜಾಗ ಬಂತು. ಇಂಥವನ ಮಗನ ಮನೆ ಎಂದು ತನ್ನ ಹೆಸರು ಹಾಡಿದ, ಮತ್ತು ಗುಮಟೆಯ ಮೇಲೆ ಒಂದು ಪೆಟ್ಟು ತಪ್ಪಿದ. ಮೇಳದವರೆಲ್ಲ ಅವನ ಕಡೆ ನೋಡಿದರು. ತಾಳ ಗೊತ್ತಿಲ್ಲದ ನನಗೂ ಅದು ಗೊತ್ತಾಯಿತು. ಮರುಕ್ಷಣ ಕೈ ಸರಿಹೋಗಿ, ಇಂಥವನ ಮಗನ ಮನೆ ತಂಪಾಗಿರಲಿ, ಒಲೆ ಆರದಿರಲಿ ಎಂದು ಮುಂದೆ ಹಾಡಿದ. ನಾನು ಅಳುತ್ತಿದ್ದೆ. ಕಚೇರಿಯವರು ಅದು ಕಲೆಯ ಭಾಗವೆಂದು ತಿಳಿದು ಮತ್ತೆ ಚಪ್ಪಾಳೆ ತಟ್ಟಿದರು.

ಹೆಂಡತಿ ಮಗಳನ್ನು ಸೊಂಟದಿಂದ ಇಳಿಸಿ, ಅಂಗಿ ಸರಿಮಾಡಿ, ಸುತ್ತಿನ ಅಂಚಿಗೆ ನಿಲ್ಲಿಸಿದ್ದಳು. ಅಪ್ಪ ಅದನ್ನು ನೋಡಿದ. ಮೊಮ್ಮಗಳ ತಲೆಯ ಮೇಲೆ ಕೈ ಇಡಲಿಲ್ಲ, ನಡುವೆ ಕೂರಿಸು ಎನ್ನಲಿಲ್ಲ. ಹಾಡು ಮುಗಿಸಿ, ತೆಂಗಿನಕಾಯಿ ತೆಗೆದುಕೊಂಡು, ಮೇಳವನ್ನು ಹೊರಗೆ ನಡೆಸಿದ. ಮಾಸ್ತರರು ಸಮಯ ಬಹಳ ಹೆಚ್ಚಾಯಿತೆಂದು ಮೈಕಿನಲ್ಲೇ ಬೇಸರಪಟ್ಟು ಮುಂದಿನವರನ್ನು ಕರೆದರು. ಹೆಂಡತಿ ಮಗಳನ್ನು ಮತ್ತೆ ಎತ್ತಿಕೊಂಡಳು. ಅವಳ ಮುಖ ಇಳಿದುಹೋಗಿತ್ತು. ನಿಮ್ಮ ತಲೆಯ ಮೇಲೆ ಟವೆಲ್ ಇದೆ ಎಂದಷ್ಟೇ ಹೇಳಿದಳು.

ನನಗೆ ಸಿಟ್ಟು ಬಂತು. ಹೆಸರು ಹೇಳಿಸಿಕೊಂಡ, ಹಾಡಿದ, ಹರಸಿದ, ಕೂಸು ಮಾತ್ರ ಬೇಡವಾಯಿತೇ ಎಂದು ಅವನನ್ನೇ ಕೇಳಿಬಿಡಲು ಟೆಂಪೋ ಕಡೆ ಹೋದೆ. ಆಗಲೇ ಎಲ್ಲರೂ ಒಳಗೆ ಹತ್ತಿ ಕೂತಿದ್ದರು. ಅಪ್ಪ ಮುಂದಿನ ಸೀಟಿನಲ್ಲಿ ಡ್ರೈವರನಿಗೆ ಏನೋ ದಾರಿ ಹೇಳುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ಟೆಂಪೋ ಹೊರಟಿತು. ಕುಮಟೆಯ ಕಡೆ ತಿರುಗಬೇಕಾದದ್ದು ತಿರುಗಲಿಲ್ಲ. ಪೇಟೆಯ ಒಳಗೆ ಹೋಯಿತು. ದಾರಿ ತಪ್ಪಿದ್ದಾರೆಂದು ನಾನು ಕೈಬೀಸುತ್ತ ಹಿಂದೆ ಓಡಿದೆ. ಹೆಂಡತಿ ಮಗಳನ್ನು ಎತ್ತಿಕೊಂಡು ನನ್ನ ಹಿಂದೆ ಓಡಿದಳು. ಅವಳು ಓಡಿದ್ದು ದಾರಿ ತೋರಿಸಲಿಕ್ಕಲ್ಲ, ಮನೆಯ ಬೀಗದ ಕೈ ಅವಳ ಹತ್ತಿರ ಇತ್ತು. ಅವಳಿಗೆ ಎಲ್ಲವೂ ನನಗಿಂತ ಒಂದು ಹೆಜ್ಜೆ ಮೊದಲು ತಿಳಿಯುತ್ತದೆ.

ನಾವು ಏದುಸಿರು ಬಿಡುತ್ತ ತಲುಪುವಾಗ ಮೇಳ ನಮ್ಮ ಹಿಂದಿನ ಓಣಿಯಲ್ಲಿ ಸಾಲಾಗಿ ನಿಂತಿತ್ತು. ಒಬ್ಬರ ಹಿಂದೆ ಒಬ್ಬರು, ಗೋಡೆಗೂ ಗೋಡೆಗೂ ನಡುವೆ. ಸುತ್ತು ಕಟ್ಟಲು ಜಾಗವಿರಲಿಲ್ಲ. ಅಪ್ಪ ನಮ್ಮ ಬೀಗ ಹಾಕಿದ ಬಾಗಿಲ ಎದುರು ನಿಂತು ಆಚೆಯವರ ಗೋಡೆಯನ್ನು ಮತ್ತೆ ನೋಡುತ್ತಿದ್ದ. ಅದು ಮೊದಲು ಇದ್ದಲ್ಲೇ ಇತ್ತು. ಮನೆಯೊಡತಿ ಅಮ್ಮ ಕಿಟಕಿಯಿಂದ ನೋಡಿ, ತಲೆಯ ಮೇಲೆ ಹೂವಿನ ಬೆಟ್ಟ ಹೊತ್ತ ಗಂಡಸರ ಸಾಲು ಕಂಡು ಮೊದಲು ಕಿಟಕಿ ಮುಚ್ಚಿದರು, ಸ್ವಲ್ಪ ಹೊತ್ತಿಗೆ ಮುಂಬಾಗಿಲಿನಿಂದ ಬಂದರು. ಯಾರಿವರು ಎಂದು ಕೇಳಿದರು. ನಮ್ಮ ತಂದೆ ಎಂದೆ. ಎಲ್ಲರೂ ತಂದೆಯೇ ಎಂದು ಕೇಳಿದರು. ನಾನು ವಿಷಯ ಬಿಡಿಸಿ ಹೇಳಿದೆ. ಹಾಗಾದರೆ ಇಲ್ಲಿ ಏಕೆ ನಿಂತಿದ್ದಾರೆ, ಆ ಹೂವೆಲ್ಲ ತಾಗಿ ನನ್ನ ಪಪ್ಪಾಯಿ ಗಿಡದ ಕಾಯಿ ಉದುರುತ್ತದೆ, ಮುಂದೆ ಬಾವಿಯ ಹತ್ತಿರ ಬರಲಿ ಎಂದು ದೊಡ್ಡ ಗೇಟು ತೆಗೆಸಿದರು.

ಮುಂದಿನ ಆ ಅಂಗಳದಲ್ಲಿ ನಾನು ಅಷ್ಟು ದಿನ ಸೈಕಲ್ ನಿಲ್ಲಿಸುತ್ತಿದ್ದೆ. ಅದು ಅವರದು, ನಮ್ಮದಲ್ಲ ಎಂದುಕೊಂಡಿದ್ದೆ. ಮೇಳ ಬಾವಿಯ ಪಕ್ಕದಲ್ಲಿ ಸುತ್ತು ಕಟ್ಟಿತು. ಅಮ್ಮ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ಹೆಂಡತಿ ಒಳಗಿನಿಂದ ಮತ್ತೆ ಹರಿವಾಣ ತಂದಳು. ಒಂದು ಸುತ್ತು ಆಯಿತು. ಗುಮಟೆಗಳು ನಿಂತವು. ನಾನು ಈ ಸಲ ಎಲ್ಲ ಕಲಿತಿದ್ದೆ. ಕೇಳುವ ಮೊದಲೇ ಮುಂದೆ ಹೋಗಿ, ಟವೆಲ್ ಇಲ್ಲದ ತಲೆ ಎತ್ತಿ, ಗಂಟಲು ಸರಿಮಾಡಿಕೊಂಡು, ಅಪ್ಪನ ಹೆಸರು ಹೇಳಲು ಬಾಯಿ ತೆರೆದೆ.

"ಒಂದ್ಸಲ ಹೇಳಿದ್ದು ಸಾಕು" ಎಂದ ಅಪ್ಪ, ನನಗೇ, ನೇರವಾಗಿ. "ಕೂಸನ್ನ ತಾ."